ಬಿಲ್ಡ್ ಸ್ಕ್ರಿಪ್ಟುಗಳನ್ನು ಪ್ರತ್ಯೇಕ ಪೈಥಾನ್ ಪ್ಯಾಕೇಜ್ ಮಾಡುವ ಬಗ್ಗೆ

ನಮಸ್ಕಾರ. ನಿಮ್ಮ ಟೂಲ್ಸ್ ಫೋಲ್ಡರಿನ ಬಿಲ್ಡ್ ಸ್ಕ್ರಿಪ್ಟುಗಳು ಈಗ ಇನ್ನೊಂದು ಪ್ರಾಜೆಕ್ಟಿಗೂ ಬೇಕಾಗಿವೆ, ನಕಲು ಮಾಡಿಟ್ಟರೆ ಎರಡೂ ಪ್ರತಿಗಳು ಬೇರೆ ಬೇರೆಯಾಗಿಬಿಡುತ್ತವೆ, ಆದ್ದರಿಂದ ಹೊಸ ರೆಪಾಸಿಟರಿ ತೆರೆದು ಅವನ್ನು ಅಲ್ಲಿಗೆ ಸಾಗಿಸಬಹುದೇ ಎಂದು ಕೇಳಿದ್ದೀರಿ. ಸಾಗಿಸಬಹುದು. ಆದರೆ ರೆಪಾಸಿಟರಿ ತೆರೆಯುವುದು ಕೊನೆಯ ಕೆಲಸವಾಗಲಿ. ಮೊದಲು ಇದ್ದ ಜಾಗದಲ್ಲಿಯೇ ಆ ಫೋಲ್ಡರಿಗೆ ಅದರದೇ ಪೈಪ್ರಾಜೆಕ್ಟ್ ಟಾಮಲ್ (pyproject.toml, ಪ್ಯಾಕೇಜಿನ ವಿವರ ಹೇಳುವ) ಕಡತವೊಂದನ್ನು ಬರೆದು, ಪೈಥಾನಿನ ಇನ್‌ಸ್ಟಾಲರ್ ಆದ ಪಿಪ್ ಮೂಲಕ ಇನ್‌ಸ್ಟಾಲ್ ಆಗುವಂತೆ ಮಾಡಿಕೊಳ್ಳಿ.

ಹೀಗೆ ಹೇಳಲು ಕಾರಣವಿದೆ. ಇಂಥ ಸ್ಕ್ರಿಪ್ಟುಗಳು ತಾವು ಪ್ರಾಜೆಕ್ಟಿನ ಒಳಗೇ ಇದ್ದೇವೆ ಎಂದು ನಂಬಿ ಬರೆದಂಥವು. ತನ್ನ ಕಡತವಿರುವ ಜಾಗದಿಂದ ಎರಡು ಮೆಟ್ಟಿಲು ಮೇಲೆ ಹೋದರೆ ಪ್ರಾಜೆಕ್ಟಿನ ಬೇರು ಸಿಗುತ್ತದೆ ಎಂಬ ಲೆಕ್ಕ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಇನ್‌ಸ್ಟಾಲ್ ಆದ ಪ್ಯಾಕೇಜುಗಳಿರುವ ಸೈಟ್-ಪ್ಯಾಕೇಜಸ್ ಫೋಲ್ಡರಿನ ಒಳಗೆ ಹೋಗಿ ಕುಳಿತ ಮೇಲೆ ಅದು ತಪ್ಪುತ್ತದೆ. ಬೇರಿನ ವಿಳಾಸವನ್ನು ಆರ್ಗ್ಯುಮೆಂಟ್ ಆಗಿ ಪಡೆಯುವಂತೆ ತಿದ್ದಿ, ಟೆಂಪ್ಲೇಟುಗಳನ್ನು (ಸ್ಕ್ರಿಪ್ಟುಗಳು ಬಳಸುವ ಮಾದರಿ ಕಡತಗಳನ್ನು) ಪೈಥಾನಿನ ಇಂಪೋರ್ಟ್‌ಲಿಬ್ ರಿಸೋರ್ಸಸ್ ಮೂಲಕ ಓದಿಸಿ. ಆವೃತ್ತಿಯ ಸಂಖ್ಯೆ ತಿಳಿಯಲೆಂದು ಮುಖ್ಯ ಪ್ರಾಜೆಕ್ಟನ್ನೇ ಇಂಪೋರ್ಟ್ ಮಾಡುವ ಸಾಲೇನಾದರೂ ಇದ್ದರೆ ಅದನ್ನು ಮೊದಲು ಕಿತ್ತುಹಾಕಿ, ಏಕೆಂದರೆ ಉಪಕರಣವಿಲ್ಲದೆ (ಅಂದರೆ ಈ ಸ್ಕ್ರಿಪ್ಟುಗಳ ಪ್ಯಾಕೇಜಿಲ್ಲದೆ) ಪ್ರಾಜೆಕ್ಟು ಬಿಲ್ಡ್ ಆಗದು, ಪ್ರಾಜೆಕ್ಟಿಲ್ಲದೆ ಉಪಕರಣ ಓಡದು ಎಂಬ ಸುತ್ತು ಅಲ್ಲಿಂದಲೇ ಹುಟ್ಟುತ್ತದೆ.

ಇನ್ನು ಬಿಲ್ಡ್ ಐಸೊಲೇಶನ್, ಅಂದರೆ ಬಿಲ್ಡನ್ನು ಪ್ರತ್ಯೇಕ ಪರಿಸರದಲ್ಲಿ ನಡೆಸುವುದು. 2016ರ ಪೆಪ್ 518ರ (ಪೆಪ್ ಎಂದರೆ ಪೈಥಾನಿನ ಸುಧಾರಣಾ ಪ್ರಸ್ತಾವ) ಪ್ರಕಾರ, ಬಿಲ್ಡ್ ಮಾಡಲು ಬೇಕಾದುದನ್ನೆಲ್ಲ ಪ್ರಾಜೆಕ್ಟಿನ ಪೈಪ್ರಾಜೆಕ್ಟ್ ಟಾಮಲ್ ಕಡತದ ಬಿಲ್ಡ್-ಸಿಸ್ಟಮ್ ವಿಭಾಗದ ರಿಕ್ವೈರ್ಸ್ ಪಟ್ಟಿಯಲ್ಲಿ ಹೇಳಬೇಕು. ಪಿಪ್ ಒಂದು ತಾತ್ಕಾಲಿಕ ಪರಿಸರವನ್ನು ಸೃಷ್ಟಿಸಿ ಅದರೊಳಗೆ ಅಷ್ಟನ್ನೇ ಹಾಕುತ್ತದೆ. ನಿಮ್ಮ ವರ್ಚುವಲ್ ಎನ್ವಿರಾನ್‌ಮೆಂಟಿನಲ್ಲಿ ಉಪಕರಣ ಇದ್ದರೂ ಅದು ಅಲ್ಲಿ ಕಾಣಿಸುವುದಿಲ್ಲ. ಹಳೆಯ ಸ್ಕ್ರಿಪ್ಟುಗಳು ಪ್ಯಾಕೇಜ್ ಕಟ್ಟುವ ಹಿಂದಿನ ಮಾಡ್ಯೂಲಾದ ಡಿಸ್ಟ್‌ಯುಟಿಲ್ಸ್ ಬಳಸುತ್ತಿವೆಯೇ ಎಂದೂ ನೋಡಿಕೊಳ್ಳಿ, ಪೈಥಾನ್ 3.12ರಿಂದ ಅದು ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿಲ್ಲ.

ಹೆಚ್ಚಿನವರು ಎಡವುವುದು ಆವೃತ್ತಿಯ ವಿಷಯದಲ್ಲಿ ಎಂಬುದು ನನ್ನ ಅಭಿಪ್ರಾಯ. ಉಪಕರಣ ಪ್ರಾಜೆಕ್ಟಿನ ಒಳಗಿದ್ದಾಗ, ಮೂರು ವರ್ಷ ಹಿಂದಿನ ಟ್ಯಾಗನ್ನು ಚೆಕ್‌ಔಟ್ ಮಾಡಿದರೆ ಅಂದಿನ ಉಪಕರಣವೂ ತಾನಾಗಿ ಜೊತೆಗೆ ಬರುತ್ತಿತ್ತು. ಬೇರ್ಪಡಿಸಿದ ಮೇಲೆ ಆ ಹೊಂದಾಣಿಕೆಯನ್ನು ನೀವೇ ಬರೆದಿಡಬೇಕು. ರಿಕ್ವೈರ್ಸ್‌ನಲ್ಲಿ ಬರಿಯ ಹೆಸರನ್ನಷ್ಟೇ ಬರೆದರೆ, ಉಪಕರಣದ ಮುಂದಿನ ದೊಡ್ಡ ಬದಲಾವಣೆ ಬಿಡುಗಡೆಯಾದ ದಿನ ನಿಮ್ಮ ಹಳೆಯ ಸೋರ್ಸ್ ಬಿಡುಗಡೆಗಳೆಲ್ಲ ಬಿಲ್ಡ್ ಆಗದೆ ನಿಲ್ಲಬಹುದು, ಮತ್ತು ಆಗಲೇ ಹೊರಹೋದ ಕಡತಗಳನ್ನು ತಿದ್ದಲು ಬರುವುದಿಲ್ಲ. ಸಾಮಾನ್ಯ ಲೈಬ್ರರಿಗಳಿಗೆ ಆವೃತ್ತಿಯ ಗರಿಷ್ಠ ಮಿತಿ ಹಾಕುವುದನ್ನು ನಾನು ಒಪ್ಪುವವನಲ್ಲ; ಇಲ್ಲಿ ಮಾತ್ರ 1.4ಕ್ಕಿಂತ ಕಡಿಮೆಯಿಲ್ಲ, 2 ಮುಟ್ಟುವಂತಿಲ್ಲ ಎಂಬಂಥ ಮಿತಿ ಬೇಕೇ ಬೇಕು. ಇದುವರೆಗೆ ಒಂದೇ ಕಮಿಟ್‌ನಲ್ಲಿ ಮುಗಿಯುತ್ತಿದ್ದ ಬದಲಾವಣೆ ಇನ್ನು ಎರಡಾಗುತ್ತದೆ: ಉಪಕರಣ ಮೊದಲು ಬಿಡುಗಡೆಯಾಗಬೇಕು, ಆಮೇಲೆ ಪ್ರಾಜೆಕ್ಟು ಅದನ್ನು ಕೇಳಬೇಕು. ಸ್ಕ್ರಿಪ್ಟುಗಳು ವಾರಕ್ಕೆರಡು ಬಾರಿ ಬದಲಾಗುತ್ತಿದ್ದರೆ ಇನ್ನೂ ಕೆಲವು ತಿಂಗಳು ಒಳಗೇ ಇರಲಿ. ಬಿಲ್ಡ್ ಬ್ಯಾಕೆಂಡನ್ನೇ (ಪಿಪ್ ಕರೆಯುವ, ಪ್ಯಾಕೇಜ್ ಕಟ್ಟುವ ಕೋಡನ್ನೇ) ಒಳಗಿಟ್ಟುಕೊಳ್ಳುವವರಿಗಾಗಿ ಪೆಪ್ 517ರಲ್ಲಿ ಬ್ಯಾಕೆಂಡ್-ಪಾತ್ ಎಂಬ ಸೌಲಭ್ಯವೇ ಇದೆ, ಆದ್ದರಿಂದ ಹಾಗೆ ಇಟ್ಟುಕೊಳ್ಳುವುದೇನೂ ತಪ್ಪಲ್ಲ.

ಪರೀಕ್ಷೆಯನ್ನು ಎಡಿಟಬಲ್ ಇನ್‌ಸ್ಟಾಲ್‌ನಲ್ಲಿ ಮುಗಿಸಬೇಡಿ. ಅದು ಮೂಲ ಫೋಲ್ಡರಿನಿಂದಲೇ ಓದುವುದರಿಂದ, ವೀಲ್‌ನಲ್ಲಿ (ಇನ್‌ಸ್ಟಾಲ್ ಮಾಡಲು ಸಿದ್ಧವಾದ ಪ್ಯಾಕೇಜ್ ಕಡತದಲ್ಲಿ) ಸೇರದೆ ಉಳಿದ ಟೆಂಪ್ಲೇಟು ಅಲ್ಲಿ ಗೊತ್ತಾಗುವುದಿಲ್ಲ. ವೀಲ್ ಕಟ್ಟಿ, ಹೊಸ ಎನ್ವಿರಾನ್‌ಮೆಂಟಿನಲ್ಲಿ ಹಾಕಿ, ಬೇರೊಂದು ಖಾಲಿ ಡೈರೆಕ್ಟರಿಯಿಂದ ಓಡಿಸಿ ನೋಡಿ.

ಇಷ್ಟಾದ ಮೇಲೆ ರೆಪಾಸಿಟರಿಯ ಹೊಸ ಕ್ಲೋನ್ ಒಂದರಲ್ಲಿ ಗಿಟ್ ಫಿಲ್ಟರ್-ರೆಪೊ ಎಂಬ ಸಾಧನ ಬಳಸಿ ಆ ಫೋಲ್ಡರನ್ನು ಇತಿಹಾಸದ ಸಮೇತ ಬೇರ್ಪಡಿಸಿ. ಅದು ಇತಿಹಾಸವನ್ನೇ ತಿರುಗಿ ಬರೆಯುವುದರಿಂದ, ನೀವು ದಿನವೂ ಕೆಲಸ ಮಾಡುವ ಪ್ರತಿಯಲ್ಲಿ ಅದನ್ನು ಓಡಿಸಬೇಡಿ.