ಎಲ್‌ಪಿಜಿ ತಾಮ್ರಪಟ್ಟಿ ಪರೀಕ್ಷೆ: ಕಾರ್ಬೊನಿಲ್ ಸಲ್ಫೈಡ್ ಮೇಲೆ ಅನುಮಾನವಿಡಿ

ಅಮೈನ್ ದ್ರಾವಣದಿಂದ ತೊಳೆದು ಗಂಧಕದ ಅನಿಲಗಳನ್ನು ತೆಗೆದ ನಂತರ ತಾಮ್ರಪಟ್ಟಿ ಪರೀಕ್ಷೆಯಲ್ಲಿ (ನಯಗೊಳಿಸಿದ ತಾಮ್ರದ ಪಟ್ಟಿಯನ್ನು ಇಂಧನದಲ್ಲಿಟ್ಟು ಬಣ್ಣ ಕೆಡುತ್ತದೆಯೇ ಎಂದು ನೋಡುವುದು) ಪಾಸಾದ ಪ್ರೊಪೇನ್, ಟ್ಯಾಂಕಿನಲ್ಲಿ ವಾರ ಕಳೆದ ಮೇಲೆ ಪಟ್ಟಿಯನ್ನು ಕಪ್ಪಾಗಿಸುವುದೇಕೆ ಎಂದು ಕೇಳಿದ್ದೀರಿ. ಪರೀಕ್ಷೆ ತಪ್ಪಾಗಿರಲಿಕ್ಕಿಲ್ಲ. ಪ್ರೊಪೇನಿನಲ್ಲಿ ಉಳಿದಿರಬಹುದಾದ ಗಂಧಕದ ಸಂಯುಕ್ತವಾದ ಕಾರ್ಬೊನಿಲ್ ಸಲ್ಫೈಡ್ ಒಣಗಿದ್ದಾಗ ತಾಮ್ರವನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ಟ್ಯಾಂಕಿನ ತೇವಾಂಶದೊಂದಿಗೆ ನಿಧಾನವಾಗಿ ಒಡೆದು ಹೈಡ್ರೋಜನ್ ಸಲ್ಫೈಡ್ ಮತ್ತು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಪಟ್ಟಿ ಕಪ್ಪಾಗುವುದು ಆ ಹೈಡ್ರೋಜನ್ ಸಲ್ಫೈಡಿನಿಂದ.

ಕಾರ್ಬೊನಿಲ್ ಸಲ್ಫೈಡನ್ನು ಬಟ್ಟಿ ಇಳಿಸಿ ಬೇರ್ಪಡಿಸುವುದು ಕಷ್ಟ: ಇದರ ಕುದಿಬಿಂದು ಸುಮಾರು −50 ಡಿಗ್ರಿ ಸೆಲ್ಸಿಯಸ್, ಪ್ರೊಪೇನಿನದು −42. ತೊಳೆಯಲು ಬಳಸುವ ಅಮೈನ್‌ಗಳಲ್ಲಿ ಎಂಡಿಇಎ (ಮೀಥೈಲ್ ಡೈಎಥನಾಲಮೈನ್) ಇದನ್ನು ಸರಿಯಾಗಿ ಹಿಡಿಯದು. ಎಂಇಎ (ಮಾನೊಎಥನಾಲಮೈನ್) ಹಿಡಿಯುತ್ತದೆ, ಆದರೆ ಮರಳಿ ಬಾರದ ಸಂಯುಕ್ತಗಳಾಗಿ ತಾನೇ ಹಾಳಾಗುತ್ತದೆ.

ನನ್ನ ಸಲಹೆ: ಅಲ್ಯೂಮಿನಾ ವೇಗವರ್ಧಕದ ಮೇಲೆ, ಅಳೆದು ಸೇರಿಸಿದ ನೀರಿನೊಂದಿಗೆ ಇದನ್ನು ಟ್ಯಾಂಕಿಗೆ ಮೊದಲೇ ಒಡೆಸಿ, ಹುಟ್ಟುವ ಹೈಡ್ರೋಜನ್ ಸಲ್ಫೈಡನ್ನು ಅದರ ಮುಂದಿನ ಹಂತದಲ್ಲೇ ತೆಗೆಯಿರಿ. ನೀರು ಪ್ರೊಪೇನಿನಲ್ಲಿ ಕರಗುವ ಮಿತಿ ಮೀರಬಾರದು, ಮೀರಿದರೆ ವೇಗವರ್ಧಕದ ರಂಧ್ರಗಳು ನೀರಿನಿಂದ ತುಂಬಿ ಅದು ಕೆಲಸ ಮಾಡದೆ ಮಲಗುತ್ತದೆ.