ನಿವೃತ್ತರಾದ ಮೇಲೂ ಅವರನ್ನು ‘ಬಿಷಪ್’ ಅನ್ನುವುದೇಕೆ?

ಕ್ಯಾಂಟರ್ಬರಿಯ ಆರ್ಚ್‌ಬಿಷಪ್ (ಇಂಗ್ಲೆಂಡಿನ ಚರ್ಚಿನ ಅತಿ ಹಿರಿಯ ಬಿಷಪ್) ಆಗಿದ್ದ ರೋವನ್ ವಿಲಿಯಮ್ಸ್ 2012ರಲ್ಲೇ ನಿವೃತ್ತರಾದರೂ ಅವರನ್ನು ಈಗಲೂ ಬಿಷಪ್ ಅನ್ನುತ್ತಾರಲ್ಲ, ಯಾಕೆ ಎಂದು ಕೇಳಿದ್ದೀರಿ. ಅವರು ಬಿಟ್ಟದ್ದು ಹುದ್ದೆಯನ್ನು, ದೀಕ್ಷೆಯನ್ನಲ್ಲ. ಆಂಗ್ಲಿಕನ್ ಸಭೆಯಲ್ಲಿ, ಅಂದರೆ ಇಂಗ್ಲೆಂಡಿನ ಚರ್ಚಿನ ಪರಂಪರೆಯಲ್ಲಿ, ಡೀಕನ್ (ಪಾದ್ರಿಗಿಂತ ಕೆಳಗಿನ ಮೊದಲ ಮೆಟ್ಟಿಲು), ಪಾದ್ರಿ, ಬಿಷಪ್ ಎಂಬ ಮೂರೂ ದೀಕ್ಷೆಗಳು ಜೀವಮಾನದವು. ಕನಿಷ್ಠ ಮೂವರು ಬಿಷಪ್‌ಗಳು ಒಟ್ಟಾಗಿ ಹೊಸ ಬಿಷಪ್ಪರ ತಲೆಯ ಮೇಲೆ ಕೈಯಿಟ್ಟು ಒಮ್ಮೆ ಅಭಿಷೇಕ ಮಾಡಿದರೆ ಮುಗಿಯಿತು, ಅದನ್ನು ಮತ್ತೆ ಮಾಡುವುದಿಲ್ಲ.

ವಿಲಿಯಮ್ಸ್ ಬಂದ ದಾರಿ ಮಾಮೂಲಿನದಲ್ಲ. ಸಾಮಾನ್ಯವಾಗಿ ಸಹಾಯಕ ಪಾದ್ರಿಯಾಗಿ ಶುರುಮಾಡಿ, ಒಂದು ಊರಿನ ಸಭೆ ನಡೆಸಿ, ಆರ್ಚ್‌ಡೀಕನ್ನೋ (ಬಿಷಪ್ ಕೈಕೆಳಗೆ ಆಡಳಿತ ನೋಡುವ ಹಿರಿಯ ಪಾದ್ರಿ) ಸಹಾಯಕ ಬಿಷಪ್ಪೋ ಆಗಿ ಮೇಲೇರುತ್ತಾರೆ. 1950ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ಹುಟ್ಟಿದ ಇವರು ಪಾಠ ಹೇಳುತ್ತಲೇ ಬೆಳೆದವರು. 1978ರಲ್ಲಿ ಪಾದ್ರಿ ದೀಕ್ಷೆ, 1986ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಪ್ರಾಧ್ಯಾಪಕ ಹುದ್ದೆ, 1992ರಲ್ಲಿ ನೇರವಾಗಿ ವೇಲ್ಸ್‌ನ ಮಾನ್ಮತ್‌ನ ಬಿಷಪ್ ಪೀಠ. ಆಮೇಲೆ ವೇಲ್ಸ್‌ನ ಆರ್ಚ್‌ಬಿಷಪ್.

ಕ್ಯಾಂಟರ್ಬರಿಗೆ ಬಂದಾಗಿನ ಕ್ರಮವನ್ನೇ ಹೆಚ್ಚಿನವರು ತಪ್ಪು ತಿಳಿಯುವುದು. ಆಗ ಒಂದು ಆಯೋಗ ಎರಡು ಹೆಸರುಗಳನ್ನು ಪ್ರಧಾನಿಗೆ ಕಳಿಸುತ್ತಿತ್ತು. ಅದರಲ್ಲೊಂದು ರಾಣಿಗೆ ಹೋಗಿ, ಅಲ್ಲಿಂದ ಕ್ಯಾಂಟರ್ಬರಿಯ ಮಹಾದೇವಾಲಯದ (ಕೆಥೆಡ್ರಲ್‌ನ) ಕ್ಯಾನನ್‌ಗಳಿಗೆ, ಅಂದರೆ ಅಲ್ಲಿನ ಹಿರಿಯ ಸದಸ್ಯರಿಗೆ, ‘ಆರಿಸಿ’ ಎಂಬ ಅಪ್ಪಣೆ ಬರುತ್ತಿತ್ತು. ಆರಿಸಬೇಕಾದವರ ಹೆಸರೂ ಜೊತೆಗೇ ಬರುವುದರಿಂದ ಅದನ್ನು ಚುನಾವಣೆ ಅನ್ನುವುದು ಬರೀ ಮರ್ಯಾದೆಗೆ. ಕಾನೂನಿನ ಪ್ರಕಾರ ಅವರು ಆರ್ಚ್‌ಬಿಷಪ್ ಆದದ್ದು ಆ ಆಯ್ಕೆಗೆ ಮುದ್ರೆ ಬಿದ್ದ ದಿನ, 2002ರ ಡಿಸೆಂಬರ್ 2ರಂದು, ಲಂಡನ್ನಿನ ಸೇಂಟ್ ಪಾಲ್ಸ್ ಮಹಾದೇವಾಲಯದಲ್ಲಿ. ಟೀವಿಯಲ್ಲಿ ಎಲ್ಲರೂ ನೋಡಿದ ಪೀಠಾರೋಹಣ 2003ರ ಫೆಬ್ರವರಿ 27ರದ್ದು, ಬರೀ ಸಮಾರಂಭ. ಮೊದಲೇ ಬಿಷಪ್ ಆಗಿದ್ದರಿಂದ ಹೊಸ ಅಭಿಷೇಕ ಬೇಕಾಗಲಿಲ್ಲ.

ಇಂಗ್ಲೆಂಡಿನಲ್ಲಿ ಬಿಷಪ್‌ಗಳು ಸಾಮಾನ್ಯವಾಗಿ 70ಕ್ಕೆ ಇಳಿಯಬೇಕು. ಇವರು 62ಕ್ಕೇ ಇಳಿದು, 2013ರಲ್ಲಿ ಕೇಂಬ್ರಿಜ್‌ನ ಮಾಡ್ಲಿನ್ ಕಾಲೇಜಿನ ಮುಖ್ಯಸ್ಥರಾದರು. ಹುದ್ದೆ ಹೋದಾಗ ಹೋಗುವುದು ಇಷ್ಟು: ಪೀಠ, ಮನೆ, ಆಡಳಿತದ ಅಧಿಕಾರ, ಹೌಸ್ ಆಫ್ ಲಾರ್ಡ್ಸ್‌ನ (ಬ್ರಿಟಿಷ್ ಸಂಸತ್ತಿನ ಮೇಲ್ಮನೆಯ) ಕುರ್ಚಿ. ಅಲ್ಲಿ ಬಿಷಪ್‌ಗಳಿಗಿರುವ 26 ಸ್ಥಾನಗಳು ಹುದ್ದೆಗೆ ಅಂಟಿದವು. ನಿವೃತ್ತ ಆರ್ಚ್‌ಬಿಷಪ್‌ಗೆ ಬೇರೆಯಾಗಿ ಆಜೀವ ಲಾರ್ಡ್ ಪದವಿ ಕೊಡುವುದು ರೂಢಿ. ಅವರು ಲಾರ್ಡ್ ವಿಲಿಯಮ್ಸ್ ಆದದ್ದು ಹಾಗೆ. ಸಹಿಯೂ ಬದಲಾಗುತ್ತದೆ. ಪೀಠದಲ್ಲಿದ್ದಾಗ ಮನೆತನದ ಹೆಸರಿನ ಜಾಗದಲ್ಲಿ ಲ್ಯಾಟಿನ್ನಿನ ಊರ ಹೆಸರು ಹಾಕಿ ‘ರೋವನ್ ಕ್ಯಾಂಟುವಾರ್’, ಬಿಟ್ಟ ಮೇಲೆ ‘ರೋವನ್ ವಿಲಿಯಮ್ಸ್’.

ಉಳಿಯುವುದು ಬಿಷಪ್ ಮಾಡಬಲ್ಲ ಕೆಲಸಗಳು: ದೃಢೀಕರಣ (ದೀಕ್ಷಾಸ್ನಾನ ಆದವರ ನಂಬಿಕೆಯನ್ನು ಕೈಯಿಟ್ಟು ಗಟ್ಟಿಮಾಡುವ ವಿಧಿ), ಪಾದ್ರಿಗಳಿಗೆ ದೀಕ್ಷೆ. ಆದರೆ ಆಯಾ ಡಯಾಸಿಸ್‌ನ (ಒಬ್ಬ ಬಿಷಪ್ ಆಡಳಿತದ ಪ್ರದೇಶದ) ಹಾಲಿ ಬಿಷಪ್ ಒಪ್ಪಿಗೆ ಕೊಟ್ಟರೆ ಮಾತ್ರ. ಇಂಗ್ಲೆಂಡಿನಲ್ಲಿ ಎಷ್ಟೋ ನಿವೃತ್ತರಿಗೆ ಗೌರವ ಸಹಾಯಕ ಬಿಷಪ್ ಎಂಬ ನೇಮಕ ಕೊಟ್ಟು ಈ ಕೆಲಸಕ್ಕೆ ಕರೆಯುತ್ತಾರೆ. ನಿಮ್ಮ ಸಭೆಗೆ ಅಂಥವರನ್ನು ಕರೆಸುವುದಿದ್ದರೆ ಮೊದಲ ಪತ್ರ ಅವರಿಗಲ್ಲ, ಹಾಲಿ ಬಿಷಪ್ ಕಚೇರಿಗೆ ಹೋಗಬೇಕು.