ಫ್ಯಾಸಿಸಂಗೂ ಅಂಗಡಿ ಸಾಮಾನಿಗೂ ಏನು ಸಂಬಂಧ?

ಫ್ಯಾಸಿಸಂ (ದೇಶ ಮತ್ತು ಒಬ್ಬ ನಾಯಕನೇ ಎಲ್ಲಕ್ಕಿಂತ ಮೇಲು ಎನ್ನುವ ಸರ್ವಾಧಿಕಾರ) ಪಾಠದಲ್ಲಿ ರೇಡಿಯೋ, ಕಾರು, ಬಟ್ಟೆ ಯಾಕೆ ಬರುತ್ತೆ ಅಂತ ಕೇಳಿದ್ದೀರಿ. ಒಳ್ಳೆ ಪ್ರಶ್ನೆ. ಒಂದು ಉಳಿತಾಯದ ಪುಸ್ತಕದಿಂದ ಶುರು ಮಾಡ್ತೀನಿ.

1938ರಲ್ಲಿ ಜರ್ಮನಿಯಲ್ಲಿ ಹಿಟ್ಲರನ ನಾಜಿ ಸರ್ಕಾರ ಸಾಮಾನ್ಯ ಕೆಲಸಗಾರರಿಗೂ ಕಾರು ಕೊಡುತ್ತೇವೆ ಎಂದಿತು. ಬೆಲೆ 990 ಮಾರ್ಕ್. ವಾರಕ್ಕೆ ಕನಿಷ್ಠ 5 ಮಾರ್ಕ್ ಕಟ್ಟಿ, ಸ್ಟಾಂಪ್ ತಗೊಂಡು ಪುಸ್ತಕಕ್ಕೆ ಅಂಟಿಸಬೇಕು. ಸುಮಾರು 3,36,000 ಜನ ಸೇರಿದರು. ಅವರಲ್ಲಿ ಒಬ್ಬರಿಗೂ ಆ ಕಾರು ಸಿಗಲಿಲ್ಲ. ಯುದ್ಧ ಶುರುವಾಯಿತು, ಅದೇ ಕಾರ್ಖಾನೆ ಸೈನ್ಯಕ್ಕೆ ಗಾಡಿ ಮಾಡಿತು. ಅಲ್ಲಿ ದುಡಿದವರಲ್ಲಿ ಬಲವಂತವಾಗಿ ಹಿಡಿದು ತಂದವರೇ ಜಾಸ್ತಿ.

ವಾರವಾರ ಸ್ಟಾಂಪ್ ಅಂಟಿಸುತ್ತಿದ್ದ ಆ ಮನೆಗಳನ್ನು ನೆನೆಸಿಕೊಳ್ಳಿ. ಪುಟ ತುಂಬುತ್ತಾ ಹೋದ ಹಾಗೆ ಸರ್ಕಾರದ ಮೇಲಿನ ನಂಬಿಕೆಯೂ ಬೆಳೆಯುತ್ತೆ, ಅಲ್ವಾ? ಜನ ಸುಮ್ನೆ ಹೆದರಿ ಜೊತೆಗೆ ನಿಂತಿರಲಿಲ್ಲ, ಆಸೆಯೂ ಇತ್ತು. ಮೆರವಣಿಗೆಯ ಫೋಟೋಗಳಿಗಿಂತ ನನಗೆ ಈ ಪುಸ್ತಕವೇ ಜಾಸ್ತಿ ಕಾಡುತ್ತೆ.

ಇಟಲಿಯ ದಾರಿ ಬೇರೆ. ಅಲ್ಲಿ ಹೊರದೇಶದ ಸಾಮಾನು ಬಿಡುವುದೇ ದೇಶಸೇವೆ ಎಂದರು. ಕಾಫಿ ಬದಲು ಹುರಿದ ಬಾರ್ಲಿ, ಉಣ್ಣೆ ಬದಲು ಹಾಲಿನ ಪ್ರೋಟೀನಿನಿಂದ ತೆಗೆದ ನೂಲು!

ಓದಬೇಕೆಂದರೆ ಇತಿಹಾಸಕಾರ್ತಿ ವಿಕ್ಟೋರಿಯಾ ಡಿ ಗ್ರಾಜಿಯಾ ಅವರಿಂದ ಶುರು ಮಾಡಿ. ಇಟಲಿಯ ಫ್ಯಾಸಿಸ್ಟ್ ನಾಯಕ ಮುಸೊಲಿನಿ ಕಾಲದ ಹೆಂಗಸರ ಬದುಕಿನ ಬಗ್ಗೆ ಬರೆದಿದ್ದಾರೆ.